ಕೈಯೆತ್ತದವರ ಲೆಕ್ಕ

(ರಾಜ್ಯೋತ್ಸವದ ನಿಮಿತ್ತ ಕೊಚ್ಚಿ ಮತ್ತು ತಿರುವನಂತಪುರದ ಕನ್ನಡಿಗರು ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ರಾಜ್ಯೋತ್ಸವದ ವೇದಿಕೆಯನ್ನು ಏರಿದವರು ಕನ್ನಡ ನಾಡಿನ ಹಿರಿಮೆಯನ್ನು ಕೊಂಡಾಡಬೇಕೆಂಬುದು ನಡೆದುಬಂದ ಪದ್ಧತಿ. ಪಂಪನಿಂದ ಮೊದಲುಮಾಡಿ ನಮ್ಮ ಕಾಲದ ಕವಿಗಳವರೆಗೆ ಹೆಸರುಗಳನ್ನು ಹೇಳಿ, ಹಂಪೆ ಹಳೇಬೀಡುಗಳನ್ನು ನೆನೆದು, ಕೊನೆಗೆ ಮಕ್ಕಳಿಗೆ ಮನೆಯಲ್ಲಿ ಕನ್ನಡ ಕಲಿಸಿರೆಂದು ಬೇಡಿಕೊಂಡು ಕುಳಿತರೆ ಸಭಿಕರಿಗೂ ತೃಪ್ತಿ, ಊಟಕ್ಕೂ ತಡವಾಗುವುದಿಲ್ಲ. ಆ ಕೆಲಸವನ್ನು ನಮಗಿಂತ ಸೊಗಸಾಗಿ ಮಾಡಬಲ್ಲವರು ನಮ್ಮ ತರುವಾಯ ಮಾತನಾಡಲಿದ್ದಾರೆ. ನಾವು ಎತ್ತಿಕೊಂಡಿರುವುದು ತೀರ ಒಣ ವಿಷಯ. ಸಂಘದ ಮಹಾಸಭೆಯಲ್ಲಿ ಒಂದು ಗೊತ್ತುವಳಿಯನ್ನು ಮತಕ್ಕೆ ಹಾಕುತ್ತಾರೆ. ಒಪ್ಪುವವರು ಕೈಯೆತ್ತುತ್ತಾರೆ, ಒಪ್ಪದವರೂ ತಮ್ಮ ಸರದಿ ಬಂದಾಗ ಕೈಯೆತ್ತುತ್ತಾರೆ. ಎರಡು ಸಲವೂ ಕೈಯೆತ್ತದೆ, ತಲೆಯ ಮೇಲಿನ ಫ್ಯಾನನ್ನು ನೋಡುತ್ತ ಕುಳಿತ ಕೆಲವರು ಇರುತ್ತಾರಷ್ಟೆ. ಅವರನ್ನು ಯಾವ ಲೆಕ್ಕಕ್ಕೆ ಸೇರಿಸಬೇಕು ಎಂಬುದೇ ನಮ್ಮ ಪ್ರಶ್ನೆ.

ಇದೂ ಒಂದು ಭಾಷಣದ ವಿಷಯವೇ ಎಂದು ಯಾರಾದರೂ ಕೇಳಿಯಾರು. ಅವರಿಗೆ ನಾವು ಹತ್ತಿರದಿಂದ ಕಂಡ ಒಂದು ಸಂಗತಿಯನ್ನು ಹೇಳುತ್ತೇವೆ. ಊರಿನ ಹೆಸರು ಬೇಡ, ಸಂಘದ ಹೆಸರೂ ಬೇಡ. ಹೊರನಾಡಿನ ಕನ್ನಡ ಸಂಘವೆಂದಿಷ್ಟೇ ತಿಳಿದರೆ ಸಾಕು. ಹಿರಿಯರು ಹೊಟ್ಟೆ ಬಟ್ಟೆ ಕಟ್ಟಿ ಕೂಡಿಸಿದ ಹಣದಿಂದ ಕೊಂಡ ಒಂದು ನಿವೇಶನ ಆ ಸಂಘಕ್ಕಿತ್ತು. ಭವನ ಕಟ್ಟುವಷ್ಟು ಹಣ ಎಂದೂ ಕೂಡಿಬರಲಿಲ್ಲ. ಅದನ್ನು ಮಾರಿ, ಪೇಟೆಯ ನಡುವೆ ಸಿದ್ಧವಾಗಿರುವ ಒಂದು ಮಹಡಿಯನ್ನು ಕೊಳ್ಳೋಣವೆಂದು ಗೊತ್ತುವಳಿ ಬಂತು. ಸಂಘದ ಸದಸ್ಯರು 96. ಅಂದು ಸಭೆಗೆ ಬಂದವರು 41. ಪರವಾಗಿ ಎದ್ದ ಕೈಗಳು 17, ವಿರೋಧವಾಗಿ 15. ಉಳಿದ 9 ಮಂದಿ ಕೈಯೆತ್ತಲಿಲ್ಲ.

ಅಧ್ಯಕ್ಷರು ಗೊತ್ತುವಳಿ ಅಂಗೀಕೃತವಾಯಿತೆಂದರು. 15ಕ್ಕಿಂತ 17 ಹೆಚ್ಚಲ್ಲವೇ? ವಿರೋಧಿಗಳು ಎದ್ದರು: ಸಭೆಯಲ್ಲಿರುವವರು 41, ಬಹುಮತವೆಂದರೆ 21, ನಿಮಗೆ ಬಂದಿರುವುದು 17, ಆದುದರಿಂದ ಗೊತ್ತುವಳಿ ಬಿದ್ದಿದೆ. ಪರವಾದವರಲ್ಲಿ ಸಂಸ್ಕೃತ ಬಲ್ಲ ಒಬ್ಬರು, ಮೌನವೆಂಬುದು ಸಮ್ಮತಿಯ ಲಕ್ಷಣ, 9ನ್ನು 17ಕ್ಕೆ ಕೂಡಿದರೆ 26 ಎಂದರು. ಹಿಂದಿನ ಸಾಲಿನಿಂದ ಇನ್ನೊಬ್ಬರು, ಒಪ್ಪಿಗೆಯಿದ್ದಿದ್ದರೆ ಕೈಯೆತ್ತಲು ಅವರಿಗೇನು ನೋವು, ಕೂಡುವುದಾದರೆ 15ಕ್ಕೆ ಕೂಡಿ, 24 ಆಗುತ್ತದೆ ಎಂದರು. ಅದೇ 41 ಜನ, ಅವೇ ಕೈಗಳು. ಒಂದು ಲೆಕ್ಕದಲ್ಲಿ ನಿವೇಶನ ಹೋಯಿತು, ಇನ್ನೊಂದರಲ್ಲಿ ಉಳಿಯಿತು. ನಿಬಂಧನೆಗಳ ಪುಸ್ತಕವನ್ನು ತೆಗೆದು ನೋಡಿದರೆ ಅದರಲ್ಲಿ 'ಬಹುಮತದಿಂದ ತೀರ್ಮಾನಿಸತಕ್ಕದ್ದು' ಎಂದಿಷ್ಟೇ ಇತ್ತು. ಯಾರ ಬಹುಮತವೆಂದು ಬರೆದವರು ಹೇಳಿರಲಿಲ್ಲ. ಆ ಒಂದು ಪದದ ಕೊರತೆಯಿಂದ ಮುಂದಿನ ಮೂರು ವರ್ಷ ಆ ಊರಿನಲ್ಲಿ ಒಂದೇ ಸಂಜೆ ಎರಡು ರಾಜ್ಯೋತ್ಸವಗಳು ನಡೆದವು. ಒಂದೇ ಶಾಲೆಗೆ ಹೋಗುವ ಮಕ್ಕಳು ಬೇರೆ ಬೇರೆ ವೇದಿಕೆಗಳಲ್ಲಿ ಒಂದೇ ನಾಡಗೀತೆಯನ್ನು ಹಾಡಿದರು.

ಊರಿನಲ್ಲಿ ಸಂಘ ಒಡೆದರೆ ಪಕ್ಕದ ಬೀದಿಯಲ್ಲಿ ಇನ್ನೊಂದು ಹುಟ್ಟುತ್ತದೆ. ಇಲ್ಲಿ ಹಾಗಲ್ಲ. ಉಡುಪಿ ಕುಂದಾಪುರಗಳಿಂದ ಹೋಟೆಲು ಇಡಲು ಬಂದವರು, ಬ್ಯಾಂಕಿನ ವರ್ಗಾವಣೆಯಿಂದ ಬಂದವರು, ಕೊಚ್ಚಿಯ ಬಂದರಕ್ಕೂ ನೌಕಾನೆಲೆಗೂ ಬಂದವರು, ತುಂಬಾದ ಬಾಹ್ಯಾಕಾಶ ಕೇಂದ್ರಕ್ಕೂ ಟೆಕ್ನೋಪಾರ್ಕಿಗೂ ಬಂದ ತರುಣರು, ಇವರೆಲ್ಲರಿಗೂ ಇರುವುದು ಒಂದು ಸಂಘ. ಅದೇ ಗ್ರಂಥಾಲಯ, ಅದೇ ಮಕ್ಕಳ ಕನ್ನಡ ತರಗತಿ. ಮನೆಯಲ್ಲಿ ಸಾವಾದರೆ ನಾಲ್ಕು ಜನ ಬಂದು ನಿಲ್ಲುವುದೂ ಅದರಿಂದಲೇ. ಅದು ಲೆಕ್ಕದ ತಪ್ಪಿನಿಂದ ಒಡೆಯಬಾರದು.

ಅಂದಹಾಗೆ, ನಾವು ಯಾವ ದಿನವನ್ನು ಆಚರಿಸುತ್ತಿದ್ದೇವೋ ಆ ದಿನವೇ ನಮ್ಮ ಆತಿಥೇಯರಾದ ಮಲಯಾಳಿಗಳಿಗೂ ಹಬ್ಬ. 1956ರ ನವೆಂಬರ್ 1ರಂದೇ ವಿಶಾಲ ಮೈಸೂರೂ ಹುಟ್ಟಿತು, ಕೇರಳವೂ ಹುಟ್ಟಿತು. ಕೊಚ್ಚಿ ನಗರಪಾಲಿಕೆಯೂ 1967ರ ನವೆಂಬರ್ 1ರಂದೇ ಜನಿಸಿತು. ಆ 1956ರ ವಿಂಗಡಣೆಯಲ್ಲಿ ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಅಲ್ಲಿನವರನ್ನು ಯಾರೂ ಕೈಯೆತ್ತಿರೆಂದು ಕೇಳಲಿಲ್ಲ. ಕೇಳಿದ ಮೇಲೆ ಸುಮ್ಮನಿರುವುದು ಒಂದು, ಕೇಳಲ್ಪಡದೆ ಸುಮ್ಮನಾಗುವುದು ಇನ್ನೊಂದು. ಇವೆರಡನ್ನೂ ಒಂದೇ ಮೌನವೆಂದು ಬಗೆಯಬಾರದು. ಈ ಭೇದಕ್ಕೆ ನಾವು ಮತ್ತೆ ಬರುತ್ತೇವೆ.

ಮೌನದ ಲೆಕ್ಕ ಹೊಸದಲ್ಲ. ದ್ಯೂತಸಭೆಯಲ್ಲಿ ದ್ರೌಪದಿ ಕೇಳಿದ ಪ್ರಶ್ನೆಗೆ ಭೀಷ್ಮದ್ರೋಣಾದಿಗಳು ತಲೆತಗ್ಗಿಸಿ ಕುಳಿತುದು, ವಿಕರ್ಣನೊಬ್ಬ ಎದ್ದು ಮಾತನಾಡಿದುದು ನಮಗೆಲ್ಲ ತಿಳಿದ ಕಥೆ. ಅಷ್ಟಾಗಿ ನೆನಪಿನಲ್ಲಿಲ್ಲದ ಮಾತೊಂದಿದೆ. ಆ ಸಭೆಯಲ್ಲಿ ವಿದುರನು ಕಶ್ಯಪನ ಹೆಸರಿನಲ್ಲಿ ಒಂದು ಲೆಕ್ಕವನ್ನೇ ಮುಂದಿಡುತ್ತಾನೆ: ಸಭೆಯಲ್ಲಿ ನಿಂದ್ಯವಾದುದು ನಡೆದರೆ ಆ ಪಾಪದ ಅರ್ಧ ಸಭೆಯ ಮುಖ್ಯನಿಗೆ, ಕಾಲು ಭಾಗ ಮಾಡಿದವನಿಗೆ, ಉಳಿದ ಕಾಲು ಅದನ್ನು ಖಂಡಿಸದೆ ಕುಳಿತ ಸಭಾಸದರಿಗೆ. ನೋಡಿ, ಮೌನವನ್ನು ಪೂರ್ತಿ ಒಪ್ಪಿಗೆಯೆಂದು ವಿದುರನು ಹೇಳಲಿಲ್ಲ, ಏನೂ ಅಲ್ಲವೆಂದೂ ಬಿಡಲಿಲ್ಲ. ಮಾಡಿದವನಷ್ಟೇ ಪಾಲನ್ನು ಸುಮ್ಮನಿದ್ದವರೆಲ್ಲರಿಗೂ ಸೇರಿಸಿ ಹಂಚಿದನು. ಎಲ್ಲಕ್ಕಿಂತ ದೊಡ್ಡ ಪಾಲು ಸಭೆಯನ್ನು ನಡೆಸುವವನದು. ಅಧ್ಯಕ್ಷರು ಈ ಮಾತನ್ನು ಬೇರೆಯಾಗಿ ತಿಳಿಯಬಾರದೆಂದು ವಿನಂತಿ.

ಪುರಾಣವನ್ನು ಬಿಟ್ಟು ಈ ಊರಿಗೇ ಬರೋಣ. ತಿರುವನಂತಪುರದ ಪದ್ಮನಾಭಸ್ವಾಮಿ ದೇವಾಲಯದ ಆಡಳಿತವನ್ನು ಹಿಂದೆ ನೋಡಿಕೊಳ್ಳುತ್ತಿದ್ದ ಕೂಟಕ್ಕೆ 'ಎಟ್ಟರ ಯೋಗಂ' ಎಂದು ಹೆಸರು. ಕನ್ನಡದಲ್ಲಿ ಎಂಟೂವರೆ ಯೋಗವೆನ್ನಬಹುದು. ಎಂಟು ಮಂದಿಗೆ ಒಂದೊಂದು ಮತ, ರಾಜನಿಗೆ ಅರ್ಧ ಮತ ಎಂಬುದು ಅಲ್ಲಿನ ಪರಂಪರೆಯ ಮಾತು. 18ನೆಯ ಶತಮಾನದಲ್ಲಿ ಮಾರ್ತಾಂಡವರ್ಮ ಮಹಾರಾಜನು ಈ ಯೋಗದ ಪ್ರಾಬಲ್ಯವನ್ನು ಮುರಿದುದು ಇತಿಹಾಸ. ಆದರೆ ಆ ಅರ್ಧ ಮತದ ಚಮತ್ಕಾರವನ್ನು ಸ್ವಲ್ಪ ಯೋಚಿಸಿ ನೋಡಿ. ಎಂಟು ಮಂದಿಯೂ ಬಾಯಿ ಬಿಟ್ಟು ನಾಲ್ಕು ನಾಲ್ಕಾಗಿ ಒಡೆದರೆ ರಾಜನ ಅರ್ಧವೇ ತೀರ್ಪು. ಒಬ್ಬನು ಮಾತ್ರ ಸುಮ್ಮನೆ ಕುಳಿತನೆನ್ನಿ; ನಾಲ್ಕು, ಮೂರು ಆಗುತ್ತದೆ. ಮೂರಕ್ಕೆ ಅರ್ಧ ಕೂಡಿದರೂ ಮೂರೂವರೆಯೇ, ನಾಲ್ಕನ್ನು ಮುಟ್ಟದು. ಇಬ್ಬರು ಸುಮ್ಮನಾದರೆ ಮೂರು ಮೂರಾಗಬಹುದು, ಮರಳಿ ಅರ್ಧಕ್ಕೆ ಜೀವ ಬರುತ್ತದೆ. ಅಂದರೆ ಒಬ್ಬ ಪೋತ್ತಿಯು ಬಾಯಿ ಮುಚ್ಚಿ ಕುಳಿತಮಾತ್ರದಿಂದ ಅರಸನ ಕೈಯಿಂದ ತೀರ್ಪನ್ನು ಕಸಿದುಕೊಳ್ಳಬಹುದಾಗಿತ್ತು. ಸುಮ್ಮನಿರುವವನು ಏನನ್ನೂ ಮಾಡುತ್ತಿಲ್ಲವೆಂದು ಹೇಳುವವರು ಈ ಲೆಕ್ಕವನ್ನು ಬಿಡಿಸಿ ನೋಡಬೇಕು.

ಅರ್ಧ ಮತದ ತಮ್ಮನಂತಿರುವುದು ನಮ್ಮ ಕಾಲದ ನಿರ್ಣಾಯಕ ಮತ. ರಾಜ್ಯಾಂಗದ 189ನೆಯ ಅನುಚ್ಛೇದದ ಪ್ರಕಾರ ವಿಧಾನಸಭೆಯ ಅಧ್ಯಕ್ಷರು ಮೊದಲಿಗೆ ಮತ ಹಾಕುವಂತಿಲ್ಲ. ಎರಡು ಕಡೆಯೂ ಸಮವಾದಾಗ ಮಾತ್ರ ಹಾಕಬೇಕು. 1981ರ ಡಿಸೆಂಬರ್ 28ರಂದು ಕೆ. ಕರುಣಾಕರನ್ ಅವರು ಕೇರಳದಲ್ಲಿ ರಚಿಸಿದ ಮಂತ್ರಿಮಂಡಲಕ್ಕೆ ಸಭೆಯಲ್ಲಿ ಎದುರುಪಕ್ಷದಷ್ಟೇ ಬಲವಿತ್ತು, ಒಂದು ಎಳೆಯೂ ಹೆಚ್ಚಿರಲಿಲ್ಲ. ಅಂದು ವಿಧಾನಸಭೆ ಕೂಡುತ್ತಿದ್ದುದು ಇದೇ ಊರಿನ ಸೆಕ್ರೆಟೇರಿಯಟ್ ಆವರಣದ ಹಳೆಯ ಸಭಾಂಗಣದಲ್ಲಿ. ಸಭಾಧ್ಯಕ್ಷ ಎ. ಸಿ. ಜೋಸ್ ಅವರು ಮತ್ತೆ ಮತ್ತೆ ತಮ್ಮ ನಿರ್ಣಾಯಕ ಮತದಿಂದ ಸರಕಾರವನ್ನು ಎತ್ತಿ ಹಿಡಿಯಬೇಕಾಯಿತು. ಲೋನಪ್ಪನ್ ನಂಬಾಡನ್ ಎಂಬ ಒಬ್ಬ ಸದಸ್ಯರು ಬೆಂಬಲವನ್ನು ಹಿಂದೆಗೆದುಕೊಂಡರು. 1982ರ ಮಾರ್ಚ್ 17ರಂದು, ಮೂರು ತಿಂಗಳೂ ತುಂಬದೆ, ಮಂತ್ರಿಮಂಡಲ ಬಿತ್ತು. ನಮ್ಮ ಸಂಘಗಳಲ್ಲಿ ಅಧ್ಯಕ್ಷರಿಗೆ ತಮ್ಮದೊಂದು ಮತವೂ, ಸಮವಾದರೆ ಇನ್ನೊಂದು ಮತವೂ ಉಂಟೆಂದು ಹಲವೆಡೆ ರೂಢಿ. ಕೈಯೆತ್ತದವರಿದ್ದಲ್ಲಿ ಸಮವಾಗುವ ಸಂಭವ ಸದಾ ಇದ್ದೇ ಇರುತ್ತದೆ. ಆಗ ಒಬ್ಬರ ಎರಡು ಮತ ಸಂಘದ ಗತಿಯನ್ನು ತಿರುಗಿಸುತ್ತದೆ.

ಇದಕ್ಕಿಂತಲೂ ನಮ್ಮ ವಿಷಯಕ್ಕೆ ಹತ್ತಿರವಾದ ಘಟನೆಯೊಂದು ಇದೇ ಊರಿನಲ್ಲಿ ಇತ್ತೀಚೆಗೆ ನಡೆಯಿತು. 2020ರ ಡಿಸೆಂಬರ್ 31ರಂದು ಕೇರಳ ವಿಧಾನಸಭೆಯ ವಿಶೇಷ ಅಧಿವೇಶನದಲ್ಲಿ, ಕೇಂದ್ರದ ಮೂರು ಕೃಷಿ ಕಾಯಿದೆಗಳನ್ನು ಹಿಂದೆಗೆದುಕೊಳ್ಳಬೇಕೆಂಬ ಗೊತ್ತುವಳಿ ಬಂದಿತು. ಆ ಕಾಯಿದೆಗಳು 2021ರಲ್ಲಿ ರದ್ದಾದವು. ಅವುಗಳ ಗುಣದೋಷ ನಮ್ಮ ಇಂದಿನ ವಿಷಯವಲ್ಲ. ಸಭೆಯಲ್ಲಿ ಭಾರತೀಯ ಜನತಾ ಪಕ್ಷದ ಏಕಮಾತ್ರ ಸದಸ್ಯರಾಗಿದ್ದವರು ನೇಮಂ ಕ್ಷೇತ್ರದ ಓ. ರಾಜಗೋಪಾಲ್. ಸರಿಯಾಗಿ ಒಂದು ವರ್ಷದ ಹಿಂದೆ, 2019ರ ಡಿಸೆಂಬರ್ 31ರಂದು, ಪೌರತ್ವ ಕಾಯಿದೆಯ ವಿರುದ್ಧ ಬಂದ ಗೊತ್ತುವಳಿಯನ್ನು ವಿರೋಧಿಸಿದ ಒಂದೇ ಧ್ವನಿ ಅವರದಾಗಿತ್ತು. ಈ ಸಲ ಅವರು ಚರ್ಚೆಯಲ್ಲಿ ಮಾತನಾಡಿದರು, ಮತಕ್ಕೆ ಹಾಕಿದಾಗ ಮಾತ್ರ 'ಇಲ್ಲ' ಎನ್ನಲಿಲ್ಲ. ಗೊತ್ತುವಳಿ ಸರ್ವಾನುಮತದಿಂದ ಅಂಗೀಕೃತವಾಯಿತೆಂದು ದಾಖಲಾಯಿತು. ಹೊರಗೆ ಬಂದು ಪತ್ರಕರ್ತರೊಡನೆ ಸಭೆಯ ಸಾಮಾನ್ಯ ಅಭಿಪ್ರಾಯಕ್ಕೆ ಒಪ್ಪಿದೆನೆಂಬಂತೆ ನುಡಿದರು. ಅನಂತರ ಹೇಳಿಕೆಯೊಂದನ್ನು ಹೊರಡಿಸಿ, ತಾವು ವಿರೋಧಿಸಿದ್ದಾಗಿಯೂ, ಒಪ್ಪುವವರು ಯಾರು ಒಪ್ಪದವರು ಯಾರು ಎಂದು ಬೇರೆ ಬೇರೆಯಾಗಿ ಕೇಳಲಿಲ್ಲವೆಂದೂ ಆಕ್ಷೇಪಿಸಿದರು.

ಅಂದು ಅವರ ಮನಸ್ಸಿನಲ್ಲಿ ಏನಿತ್ತೆಂದು ನಿರ್ಣಯಿಸುವುದು ನಮ್ಮ ಕೆಲಸವಲ್ಲ. ನೂರ ನಲವತ್ತು ಮಂದಿಯ ಸಭೆಯಲ್ಲಿ ಒಬ್ಬರು ಸುಮ್ಮನಿದ್ದರೆ ಗೊತ್ತುವಳಿಯ ಗತಿಯೇನೂ ಬದಲಾಗುತ್ತಿರಲಿಲ್ಲ. ಬದಲಾದುದು ಒಂದು ಪದ, 'ಸರ್ವಾನುಮತ'. ನಮ್ಮ ಸಂಘಗಳ ನಡವಳಿ ಪುಸ್ತಕಗಳನ್ನು ತಿರುವಿದರೆ ಪುಟಪುಟಕ್ಕೂ ಈ ಪದ ಕಾಣುತ್ತದೆ. ಕಾರ್ಯದರ್ಶಿಗಳು ಓದುತ್ತಾರೆ, ಯಾರದಾದರೂ ಆಕ್ಷೇಪವಿದೆಯೇ ಎಂದು ಅಧ್ಯಕ್ಷರು ಗಡಿಯಾರ ನೋಡುತ್ತ ಕೇಳುತ್ತಾರೆ, ಅಡಿಗೆಮನೆಯಿಂದ ಬಿಸಿಬೇಳೆ ಬಾತಿನ ಪರಿಮಳ ಬರುತ್ತಿರುತ್ತದೆ, ಸರ್ವಾನುಮತ! ನಮ್ಮ ಮಟ್ಟಿಗೆ, ಒಬ್ಬರು ಸುಮ್ಮನಿದ್ದರೂ ಆ ಪದವನ್ನು ಬರೆಯಬಾರದು. 'ವಿರೋಧವಿಲ್ಲದೆ' ಎಂದು ಬರೆಯಬಹುದು. ಅದು ನಿಜವಾದ ಮಾತು.

ಇನ್ನು ನಮ್ಮ ರಾಜ್ಯಾಂಗ ಈ ತೊಡಕನ್ನು ಹೇಗೆ ಬಿಡಿಸಿತೆಂಬುದನ್ನು ನೋಡಬೇಕು, ಏಕೆಂದರೆ ಅದನ್ನು ಬರೆದವರು 'ಬಹುಮತ' ಎಂದು ಹೇಳಿ ಸುಮ್ಮನಾಗಲಿಲ್ಲ. ಸಾಮಾನ್ಯ ವಿಷಯಗಳಿಗೆ ಅವರು ಇಟ್ಟುದು 'ಹಾಜರಿದ್ದು ಮತ ನೀಡಿದವರ ಬಹುಮತ'. ಇಲ್ಲಿ ಸುಮ್ಮನಿದ್ದವನು ಲೆಕ್ಕದಿಂದ ಹೊರಗೆ. 140 ಸದಸ್ಯರ ಕೇರಳ ವಿಧಾನಸಭೆಗೆ ಹತ್ತನೆಯ ಒಂದು ಪಾಲು, ಅಂದರೆ 14 ಮಂದಿ ಇದ್ದರೆ ಕೋರಂ ಆಯಿತು. ಅವರೆಲ್ಲ ಮತ ಹಾಕಿದರೆ 8 ಮತಕ್ಕೆ ಒಂದು ಮಸೂದೆ ಗೆಲ್ಲಬಹುದು. ಆದರೆ ಅದೇ ಸಭೆ ತನ್ನ ಅಧ್ಯಕ್ಷನನ್ನು ಕೆಳಗಿಳಿಸಬೇಕಾದರೆ 179ನೆಯ ಅನುಚ್ಛೇದದಂತೆ ಆಗ ಇರುವ ಎಲ್ಲ ಸದಸ್ಯರ ಬಹುಮತ ಬೇಕು. ಅಲ್ಲಿ ಮನೆಯಲ್ಲಿ ಮಲಗಿದವನ ಮೌನವೂ 'ಬೇಡ' ಎಂಬುದರ ಕಡೆಗೇ ತೂಗುತ್ತದೆ. ರಾಜ್ಯಾಂಗವನ್ನೇ ತಿದ್ದುವ 368ನೆಯ ಅನುಚ್ಛೇದದಲ್ಲಿ ಎರಡನ್ನೂ ಕೂಡಿಸಿದರು: ಪ್ರತಿಯೊಂದು ಸದನದ ಒಟ್ಟು ಸದಸ್ಯರ ಬಹುಮತವೂ ಬೇಕು, ಹಾಜರಿದ್ದು ಮತ ನೀಡಿದವರ ಮೂರನೆಯ ಎರಡು ಪಾಲೂ ಬೇಕು. ಕೆಲಸ ಚಿಕ್ಕದಾದರೆ ಸುಮ್ಮನಿರುವವನಿಗಾಗಿ ಕಾಯುವುದಿಲ್ಲ. ಕೆಲಸ ದೊಡ್ಡದಾದರೆ, ಮರಳಿ ಸರಿಪಡಿಸಲಾಗದ್ದಾದರೆ, ಅವನ ಬಾಯಿಂದ 'ಹೌದು' ಎಂದು ಹೊರಡುವವರೆಗೆ ಕಾಯಬೇಕು. ಇದರಲ್ಲಿ ಎಷ್ಟು ವಿವೇಕವಿದೆಯೆಂಬುದು ನಿವೇಶನ ಮಾರಿದ ಆ ಸಂಘದವರಿಗೆ ಗೊತ್ತು.

ಸಂಘಗಳ ಕಾನೂನಿನಲ್ಲೂ ಈ ವಿವೇಕ ಉಂಟು. ಕೊಚ್ಚಿ, ತಿರುವನಂತಪುರಗಳ ಸಂಘಗಳು ನೋಂದಣಿಯಾಗುವುದು 1955ರ ತಿರುವಾಂಕೂರು ಕೊಚ್ಚಿ ಸಾಹಿತ್ಯಕ, ವೈಜ್ಞಾನಿಕ ಮತ್ತು ಧರ್ಮಾರ್ಥ ಸಂಘಗಳ ಕಾಯಿದೆಯಲ್ಲಿ. ರಾಜ್ಯ ಒಂದಾಗಿ ಇಷ್ಟು ವರ್ಷಗಳಾದರೂ ಆ ಹಳೆಯ ಹೆಸರು ಹೋಗಿಲ್ಲ. ಮಲಬಾರಿನವರಿಗೆ, ಕಾಸರಗೋಡಿನವರೂ ಸೇರಿ, 1860ರ ಸಂಘಗಳ ನೋಂದಣಿ ಕಾಯಿದೆ. ಆ 1860ರ ಕಾಯಿದೆಯಂತೆ ಸಂಘವನ್ನು ವಿಸರ್ಜಿಸಬೇಕಾದರೆ ಸದಸ್ಯರಲ್ಲಿ ಐದನೆಯ ಮೂರು ಪಾಲು ಬೇಕು. ಸಭೆಗೆ ಬಂದವರಲ್ಲಿ ಎಂದಲ್ಲ, ಸದಸ್ಯರಲ್ಲಿ. 96 ಸದಸ್ಯರ ಸಂಘಕ್ಕೆ ಅದು 58 ಕೈಗಳು. ಇದಕ್ಕೆ ತದ್ವಿರುದ್ಧವಾಗಿ 2013ರ ಕಂಪನಿ ಕಾಯಿದೆ ವಿಶೇಷ ಗೊತ್ತುವಳಿಗೆ ಕೇಳುವುದು ಇಷ್ಟೇ: ವಿರೋಧವಾಗಿ ಬಿದ್ದ ಮತಗಳ ಮೂರರಷ್ಟಕ್ಕೆ ಕಡಿಮೆಯಿಲ್ಲದಷ್ಟು ಮತ ಪರವಾಗಿ ಬಿದ್ದಿರಬೇಕು. ಬರೆದ ರೀತಿ ಬಹು ಚೊಕ್ಕವಾಗಿದೆ. ಪರಕ್ಕೂ ವಿರೋಧಕ್ಕೂ ಹೋಲಿಕೆ. ಮಿಕ್ಕವರ ಪ್ರಸ್ತಾಪವೇ ಇಲ್ಲದುದರಿಂದ ಜಗಳಕ್ಕೆ ಎಡೆಯಿಲ್ಲ. ವ್ಯಾಪಾರಿಗಳು ನಮಗಿಂತ ಜಾಣರು.

ವಿಶ್ವಸಂಸ್ಥೆಯಲ್ಲೂ ಇದೇ ತೊಡಕು ಹುಟ್ಟಿತ್ತು. ಭದ್ರತಾ ಮಂಡಲಿಯ ತೀರ್ಮಾನಕ್ಕೆ ಐದು ಖಾಯಂ ಸದಸ್ಯರ ಸಹಮತವೂ ಬೇಕೆಂದು ಸನ್ನದಿನಲ್ಲಿ ಬರೆದಿದೆ. ಅವರಲ್ಲೊಬ್ಬರು ತಟಸ್ಥರಾದರೆ ಸಹಮತವಿದೆಯೇ, ಇಲ್ಲವೇ? ತಟಸ್ಥತೆ ವೀಟೋ ಅಲ್ಲವೆಂದು ಮಂಡಲಿ ರೂಢಿಯಿಂದಲೇ ನಡೆಸಿಕೊಂಡು ಬಂತು. 1971ರಲ್ಲಿ ನಮೀಬಿಯದ ವಿಚಾರವಾಗಿ ಅಂತರರಾಷ್ಟ್ರೀಯ ನ್ಯಾಯಾಲಯ ಅದನ್ನು ಒಪ್ಪಿತು. ಬಾಯಿಂದ 'ಹೌದು' ಎನ್ನಲು ಮನಸ್ಸಿಲ್ಲದ, 'ಇಲ್ಲ' ಎಂದು ಕೆಡಿಸಲೂ ಮನಸ್ಸಿಲ್ಲದ ದೊಡ್ಡವರಿಗೆ ಅದೊಂದು ಮರ್ಯಾದೆಯ ಬಾಗಿಲು. ಅಂಥ ಬಾಗಿಲು ನಮ್ಮಂಥ ಸಣ್ಣವರಿಗೂ ಬೇಕಾಗುತ್ತದೆ.

ಏಕೆ ಬೇಕಾಗುತ್ತದೆಂದರೆ, ನಮ್ಮ ಸಭೆಗಳಲ್ಲಿ ಕೈಯೆತ್ತದವರು ಯಾರೆಂದು ನೋಡಿ. ಮೂರು ವರ್ಷಕ್ಕೆ ವರ್ಗವಾಗಿ ಬಂದ ಬ್ಯಾಂಕಿನ ಗುಮಾಸ್ತರು. ಇಂದಿದ್ದು ನಾಳೆ ಹೋಗುವವರು ನಾವು, ಇಲ್ಲೇ ಬೇರೂರಿದವರ ಆಸ್ತಿಯ ವಿಚಾರದಲ್ಲಿ ನಾವೇಕೆ ಕೈಹಾಕಬೇಕೆಂಬ ಸಂಕೋಚ ಅವರದು; ಅದು ಸಜ್ಜನಿಕೆಯ ಸಂಕೋಚ. ಗೊತ್ತುವಳಿಯನ್ನು ತಂದವರ ಹೋಟೆಲಿನಲ್ಲಿ ಕೆಲಸಕ್ಕಿರುವವರು. ಧಣಿಗಳ ಎದುರು ಕೈಯೆತ್ತಲಾರರು, ಪರವಾಗಿ ಎತ್ತಲು ಮನಸ್ಸೊಪ್ಪದು. ಎರಡು ಪಕ್ಷದಲ್ಲೂ ನಂಟರಿರುವವರು. ವಿಷಯ ತಿಳಿಯದ ಹೊಸಬರು. ಇನ್ನು ನಮ್ಮ ತಾಯಂದಿರು. ಎಷ್ಟೋ ಸಂಘಗಳಲ್ಲಿ ಸದಸ್ಯತ್ವ ಕುಟುಂಬಕ್ಕೆ ಒಂದು. ಯಜಮಾನರು ಕೈಯೆತ್ತುತ್ತಾರೆ, ಪಕ್ಕದಲ್ಲಿ ಕುಳಿತ ಗೃಹಿಣಿ ಎತ್ತುವುದಿಲ್ಲ. ಆಕೆ ತಟಸ್ಥಳಲ್ಲ, ಆಕೆಗೆ ಮತವೇ ಇಲ್ಲ. ನಾಟಕಕ್ಕೆ ಹೆಣ್ಣುಮಕ್ಕಳನ್ನು ಸಿದ್ಧಪಡಿಸುವುದು, ಹಬ್ಬಕ್ಕೆ ಇನ್ನೂರು ಜನರ ಹೋಳಿಗೆಯ ಲೆಕ್ಕ ಹಾಕುವುದು, ಕನ್ನಡ ತರಗತಿ ನಡೆಸುವುದು ಎಲ್ಲ ಆಕೆಯೇ. ಕೇಳಲ್ಪಡದವರ ಮೌನವೆಂದು ಮೊದಲು ಹೇಳಿದೆವಲ್ಲ, ಅದನ್ನು ಕಾಣಲು ನಾವು ಕಾಸರಗೋಡಿನವರೆಗೆ ಹೋಗಬೇಕಾಗಿಲ್ಲ.

ಇವರಾರನ್ನೂ ಹೇಡಿಗಳೆಂದು ಹಳಿಯುವುದು ನಮಗೆ ಸರಿದೋರುವುದಿಲ್ಲ. ತಟಸ್ಥನೆಂದರೆ ತಟದಲ್ಲಿ, ದಡದಲ್ಲಿ, ನಿಂತವನು. ಎರ್ನಾಕುಳದ ಬೋಟ್ ಜೆಟ್ಟಿಯಲ್ಲಿ ಟಿಕೇಟು ಕೊಂಡು ನಿಂತು, ಮಟ್ಟಾಂಚೇರಿಗೆ ಹೋಗಲೋ ವೈಪೀನಿಗೆ ಹೋಗಲೋ ಎಂದು ಎಣಿಸುತ್ತಿರುವವನೂ ದಡದಲ್ಲಿದ್ದಾನೆ. ಮನೆಯಲ್ಲೇ ಮಲಗಿದವನು ದಡಕ್ಕೂ ಬಂದಿಲ್ಲ. ಮೊದಲನೆಯವನು ಬಂದಿದ್ದಾನೆಂಬುದನ್ನು ನಾವು ಬರೆದಿಟ್ಟುಕೊಳ್ಳಬೇಕು. ಕೋರಂ ಎಣಿಸುವಾಗ ಅವನು ಸೇರಬೇಕು, ನಡವಳಿಯಲ್ಲಿ ಅವನ ಸಂಖ್ಯೆ ಕಾಣಬೇಕು.

ಬಾರದವರಿಂದ ಆಗುವ ವ್ಯತ್ಯಾಸವೂ ಸಣ್ಣದಲ್ಲ. 2019ರ ಜುಲೈ 23ರಂದು ಬೆಂಗಳೂರಿನ ವಿಧಾನಸೌಧದಲ್ಲಿ ಎಚ್. ಡಿ. ಕುಮಾರಸ್ವಾಮಿಯವರ ವಿಶ್ವಾಸಮತದ ಗೊತ್ತುವಳಿಗೆ 99 ಮತ ಪರವಾಗಿಯೂ 105 ವಿರೋಧವಾಗಿಯೂ ಬಿದ್ದವು. 225 ಮಂದಿಯ ಸಭೆಗೆ ಅರ್ಧಕ್ಕೆ ಮೀರಿದ ಸಂಖ್ಯೆ 113. ಇಪ್ಪತ್ತು ಮಂದಿ ಬಾರದೆ ಇದ್ದುದರಿಂದ 105 ಸಾಕಾಯಿತು, ಸರಕಾರ ಹೋಯಿತು. ದೆಹಲಿಯಲ್ಲಿ 1999ರ ಏಪ್ರಿಲ್ 17ರಂದು ವಾಜಪೇಯಿಯವರ ಸರಕಾರ 269ಕ್ಕೆ 270ರಂತೆ ಒಂದು ಮತದಿಂದ ಬಿತ್ತು. ತಟಸ್ಥವಾಗಿ ಉಳಿದೀತೆಂದು ಎಣಿಸಿದ್ದ ಬಹುಜನ ಸಮಾಜ ಪಕ್ಷದ ಐವರು ಕೊನೆಯ ಗಳಿಗೆಯಲ್ಲಿ ವಿರೋಧವಾಗಿ ಮತವಿತ್ತರು. ಅವರು ದಡದಲ್ಲೇ ನಿಂತಿದ್ದರೆ 269ಕ್ಕೆ 265. ನಮ್ಮವರೇ ಆದ ಸಂತೆಮರಹಳ್ಳಿಯವರು 2004ರಲ್ಲಿ 40,752ಕ್ಕೆ 40,751ರಂತೆ ಒಂದೇ ಮತದಿಂದ ಶಾಸಕನನ್ನು ಆರಿಸಿದುದನ್ನು ಕನ್ನಡಿಗರು ಮರೆತಿರಲಾರರು. ಅಂದು ಮತಗಟ್ಟೆಗೆ ಹೋಗದೆ ಮನೆಯಲ್ಲುಳಿದ ಪ್ರತಿಯೊಬ್ಬನೂ ತನ್ನಿಂದಲೇ ಹೀಗಾಯಿತೆಂದು ಹೇಳಿಕೊಳ್ಳಬಹುದು.

ಹಾಗಾದರೆ ಬಾರದವರನ್ನು ಬರುವಂತೆ ಮಾಡಲು ಕೋರಮ್ಮನ್ನು ಹೆಚ್ಚಿಸೋಣವೇ? ಕೆಲವರು ಹಾಗೆ ಹೇಳುತ್ತಾರೆ. ಇಟಲಿ ದೇಶದಲ್ಲಿ ಕಾನೂನನ್ನು ರದ್ದುಗೊಳಿಸುವ ಜನಮತಗಣನೆಗೆ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಭಾಗವಹಿಸಿದ್ದರೆ ಮಾತ್ರ ಬೆಲೆ. ಅದರ ಫಲವೇನೆಂದರೆ, ವಿರೋಧಿಸುವವರು 'ಇಲ್ಲ'ವೆಂದು ಮತ ಹಾಕಿರೆಂದು ಪ್ರಚಾರ ಮಾಡುವುದಿಲ್ಲ, ಮನೆಯಲ್ಲೇ ಇರಿ ಎನ್ನುತ್ತಾರೆ. 2025ರ ಜೂನಿನಲ್ಲಿ ಐದು ಪ್ರಶ್ನೆಗಳನ್ನು ಜನರ ಮುಂದಿಟ್ಟರು, ಬಂದವರು ನೂರಕ್ಕೆ ಮೂವತ್ತರ ಆಸುಪಾಸು, ಐದೂ ಬಿದ್ದುಹೋದವು. ನಮ್ಮಲ್ಲಿ ಇನ್ನೊಂದು ಬಗೆಯ ಅನರ್ಥ. ಕೋರಂ ಇಲ್ಲವೆಂದು ಸಭೆಯನ್ನು ಮುಂದೂಡಿ, ಅರ್ಧ ಗಂಟೆ ಕಾಫಿ ಕುಡಿದು, ಬಂದವರೇ ಕೋರಂ ಎಂದು ಮತ್ತೆ ಕೂರುತ್ತೇವೆ. ಅರ್ಧ ಗಂಟೆಯಲ್ಲಿ ಹನ್ನೊಂದು ಮಂದಿಗೆ ನಲವತ್ತು ಮಂದಿಯ ಅಧಿಕಾರ ಬಂದುಬಿಡುತ್ತದೆ. ದಿನನಿತ್ಯದ ಕೆಲಸಕ್ಕೆ ಅದು ಸಾಕು. ನಿವೇಶನ ಮಾರಲು ಸಾಲದು.

ಮತದ ಗುಟ್ಟಿನ ವಿಚಾರವಾಗಿಯೂ ಒಂದು ಮಾತು. ಸಾರ್ವತ್ರಿಕ ಚುನಾವಣೆಯಲ್ಲಿ ಯಾರಿಗೂ ಮತ ಹಾಕಲು ಇಷ್ಟವಿಲ್ಲದವನು ಹಿಂದೆ 1961ರ ನಿಯಮಗಳಂತೆ ಮತಗಟ್ಟೆಯ ಅಧಿಕಾರಿಗೆ ಹೇಳಿ, ಪುಸ್ತಕದಲ್ಲಿ ರುಜು ಮಾಡಿ ಬರಬೇಕಾಗಿತ್ತು. ಮತ ಹಾಕಿದವನಿಗೆ ಗುಟ್ಟಿನ ರಕ್ಷಣೆಯುಂಟು, ಹಾಕದವನಿಗಿಲ್ಲ. ಇದು ಸಲ್ಲದೆಂದು ಸುಪ್ರೀಂ ಕೋರ್ಟು 2013ರ ಸೆಪ್ಟೆಂಬರ್ 27ರಂದು ತೀರ್ಪಿತ್ತ ಮೇಲೆ ಯಂತ್ರದಲ್ಲಿ 'ನೋಟಾ' ಗುಂಡಿ ಬಂತು. ಅದನ್ನು ಎಣಿಸುತ್ತಾರೆ, ಪ್ರಕಟಿಸುತ್ತಾರೆ. ಆದರೆ ಎಲ್ಲರಿಗಿಂತ ಹೆಚ್ಚು ನೋಟಾ ಬಿದ್ದರೂ ಅಭ್ಯರ್ಥಿಗಳಲ್ಲಿ ಮುಂದಿರುವವನೇ ಗೆದ್ದಂತೆ. ಮಹಾರಾಷ್ಟ್ರದ ಚುನಾವಣಾ ಆಯೋಗ 2018ರಲ್ಲಿ ಸ್ಥಳೀಯ ಸಂಸ್ಥೆಗಳಿಗೆ, ನೋಟಾ ಮುಂದಿದ್ದರೆ ಮರುಚುನಾವಣೆ ಎಂದು ಗೊತ್ತುಮಾಡಿತು. ಕೇರಳದಲ್ಲಿ 2020ರ ಪಂಚಾಯತಿ ಚುನಾವಣೆಯ ಯಂತ್ರಗಳಲ್ಲಿ ನೋಟಾ ಇರಲಿಲ್ಲ, 'ಎಂಡ್' ಎಂಬೊಂದು ಗುಂಡಿಯಿತ್ತು. ಗ್ರಾಮ, ಬ್ಲಾಕು, ಜಿಲ್ಲೆ ಎಂದು ಮೂರು ಮತ ಹಾಕಬೇಕಾದವನು ಬೇಕಾದುದಕ್ಕೆ ಹಾಕಿ, ಬೇಡವಾದುದನ್ನು ಬಿಟ್ಟು, ಕೊನೆಗೆ ಅದನ್ನು ಒತ್ತಿ ಬರಬಹುದು. ಒಂದಕ್ಕೆ ಸುಮ್ಮನಿದ್ದನೆಂದು ಉಳಿದ ಎರಡು ಕೆಡುವುದಿಲ್ಲ. ಬಹಳ ಸರಳವಾದ, ಮರ್ಯಾದೆಯ ಏರ್ಪಾಡು. ಹೋಟೆಲಿನ ಹುಡುಗನ ಕಷ್ಟವನ್ನು ನೆನೆದರೆ, ನಮ್ಮ ಸಂಘಗಳ ಮತಚೀಟಿಯಲ್ಲೂ 'ಹೌದು', 'ಇಲ್ಲ' ಎಂಬ ಎರಡು ಚೌಕಗಳ ಕೆಳಗೆ 'ತಟಸ್ಥ' ಎಂಬ ಮೂರನೆಯ ಚೌಕವೊಂದು ಬೇಕೆಂದು ನಮಗೆ ತೋರುತ್ತದೆ.

ಈಗ ಕೈಯಲ್ಲಿರುವ ಫೋನಿನಲ್ಲೇ ತೀರ್ಮಾನಗಳಾಗುತ್ತಿವೆ. ಗುಂಪಿನಲ್ಲಿ ನೂರೈವತ್ತು ಮಂದಿ. ಕಾರ್ಯದರ್ಶಿಗಳು ರಾತ್ರಿ ಹತ್ತಕ್ಕೆ ಒಂದು ಪ್ರಸ್ತಾಪ ಹಾಕುತ್ತಾರೆ. ಬೆಳಗಾಗುವುದರೊಳಗೆ ಇಪ್ಪತ್ತು ಹೆಬ್ಬೆರಳುಗಳು ಮೂಡುತ್ತವೆ. ಎಲ್ಲರೂ ಒಪ್ಪಿದ್ದಾರೆಂದು ಘೋಷಣೆಯಾಗುತ್ತದೆ. ಉಳಿದ ನೂರಮೂವತ್ತು ಮಂದಿ ನೋಡಿದರೋ, ನಿದ್ರಿಸಿದರೋ ದೇವರೇ ಬಲ್ಲ. ಪಿಕ್‌ನಿಕ್ಕಿಗೆ ಯಾವ ಬಸ್ಸೆಂದು ಗೊತ್ತುಮಾಡಲು ಅಡ್ಡಿಯಿಲ್ಲ. ಅದಕ್ಕೆ ಮೀರಿದುದನ್ನು ಹಾಗೆ ಮಾಡಬಾರದು.

ನಮ್ಮ ಸೂಚನೆ ಇಷ್ಟು. ಸಾಮಾನ್ಯ ವಿಷಯಗಳಲ್ಲಿ ಹಾಜರಿದ್ದು ಮತ ನೀಡಿದವರ ಬಹುಮತವೇ ಇರಲಿ. ತಟಸ್ಥರು ಕೋರಮ್ಮಿಗೆ ಸೇರಲಿ, ಯಾವ ಪಕ್ಷಕ್ಕೂ ಸೇರದಿರಲಿ. ನಿವೇಶನ, ನಿಧಿ, ಸಂಘದ ಹೆಸರು, ನಿಬಂಧನೆ, ಸದಸ್ಯರನ್ನು ಹೊರಹಾಕುವುದು, ಇಂಥವುಗಳಿಗೆ ಒಟ್ಟು ಸದಸ್ಯರ ಒಂದು ಪಾಲನ್ನು ನಿಬಂಧನೆಯಲ್ಲೇ ಗೊತ್ತುಮಾಡಿಡಲಿ. ಆಗ ಸುಮ್ಮನಿದ್ದವನ ಮೌನ ಇದ್ದುದನ್ನು ಇದ್ದಂತೆ ಕಾಯುತ್ತದೆ. ಯಾವ ಗೊತ್ತುವಳಿ ಯಾವ ಬಗೆಯದೆಂದು ಅಧ್ಯಕ್ಷರು ಮತಕ್ಕೆ ಹಾಕುವ ಮೊದಲೇ ಸಾರಬೇಕು, ಕೈಗಳನ್ನು ಎಣಿಸಿದ ಮೇಲಲ್ಲ. ಎರಡರ ಬದಲು ಮೂರು ಸಲ ಕೇಳಬೇಕು: ಒಪ್ಪುವವರು, ಒಪ್ಪದವರು, ತಟಸ್ಥರು. ಮೂರನೆಯ ಸಲ ಕೈಯೆತ್ತಿದವನು ಸುಮ್ಮನಿದ್ದವನಲ್ಲ, ತನಗೆ ತಿಳಿದುದನ್ನು ಹೇಳಿದವನು. ತಟಸ್ಥರ ಸಂಖ್ಯೆ ಪರ ವಿರೋಧ ಎರಡನ್ನೂ ಕೂಡಿದ್ದಕ್ಕಿಂತ ಹೆಚ್ಚಾದರೆ ವಿಷಯ ಇನ್ನೂ ಹಣ್ಣಾಗಿಲ್ಲವೆಂದು ತಿಳಿದು ಮುಂದಿನ ಸಭೆಗೆ ಇಡುವುದು ಮೇಲು. ಇದರಿಂದ ಕೆಲಸ ನಿಧಾನವಾಗುತ್ತದೆಂಬ ಆಕ್ಷೇಪ ನಮಗೆ ಗೊತ್ತು. ನಿಧಾನವಾಗುತ್ತದೆ, ನಿಜ, ಆದರೆ ಒಂದೇ ಸಂಜೆ ಎರಡು ರಾಜ್ಯೋತ್ಸವ ಮಾಡುವ ಖರ್ಚಿಗೆ ಹೋಲಿಸಿದರೆ ಅಗ್ಗ.

ಕುಟುಂಬಕ್ಕೆ ಒಂದು ಮತವೋ, ವಯಸ್ಕರಿಗೆ ಒಂದೊಂದೋ ಎಂಬ ಪ್ರಶ್ನೆಯನ್ನು ತಾಯಂದಿರು ತಾವಾಗಿಯೇ ಎತ್ತಬೇಕೆಂದು ಕಾಯದೆ ಈ ವರ್ಷವೇ ಕಾರ್ಯಕಾರಿ ಸಮಿತಿ ಎತ್ತಿಕೊಳ್ಳಬೇಕೆಂದು ನಮ್ಮ ಕೋರಿಕೆ. ಮಿಕ್ಕ ಸೂಚನೆಗಳ ಕರಡನ್ನು ಬರೆದು ಕಾರ್ಯದರ್ಶಿಗಳ ಕೈಗೆ ಕೊಟ್ಟಿದ್ದೇವೆ. ಬರುವ ವಾರ್ಷಿಕ ಮಹಾಸಭೆಯಲ್ಲಿ ಅದು ನಿಮ್ಮ ಮುಂದೆ ಬರುತ್ತದೆ. ನಿಬಂಧನೆಯ ತಿದ್ದುಪಡಿಯಾದುದರಿಂದ ಅದಕ್ಕೆ ಹೆಚ್ಚು ಮಂದಿ ಬೇಕು, ದಯವಿಟ್ಟು ಬನ್ನಿ. ಕರಡಿನಲ್ಲಿ ತಪ್ಪು ಕಂಡರೆ ವಿರೋಧಿಸಿ, ಯೋಚಿಸಲು ಇನ್ನೂ ಹೊತ್ತು ಬೇಕೆನಿಸಿದರೆ ಮೂರನೆಯ ಸಲ ಕೇಳಿದಾಗ ಕೈಯೆತ್ತಿ. ಅಂದು ಎಣಿಸುವವರನ್ನು ಎರಡು ಕಡೆಯಿಂದಲೂ ಒಬ್ಬೊಬ್ಬರಂತೆ ನೇಮಿಸಲಾಗುವುದು.